ಮಕ್ಕಳನ್ನು ಕಸಬಿಗೆ ಸೇರಿಸುವ ಮುನ್ನ

ಜೂನ್ ತಿಂಗಳು ಬಂತೆಂದರೆ ನಮ್ಮ ವಾಚನಾಲಯದ ಉದ್ದನೆಯ ಮೇಜಿನ ಮೇಲೆ ಕಾದಂಬರಿಗಳಿಗಿಂತ ಅರ್ಜಿಯ ಫಾರಂಗಳೇ ಹೆಚ್ಚಾಗಿ ಕಾಣುತ್ತವೆ. ಹತ್ತನೆಯ ತರಗತಿಯ ಫಲಿತಾಂಶ ಬಂದಿರುತ್ತದೆ. ಸಂಜೆ ಕಚೇರಿ ಬಿಟ್ಟವರು, ಕಾರ್ಖಾನೆಯ ಪಾಳಿ ಮುಗಿಸಿದವರು ಮಗನನ್ನೋ ತಮ್ಮನನ್ನೋ ಜೊತೆಗೆ ಕರೆತಂದು, "ಇವನನ್ನು ಮುಂದೆ ಏನು ಮಾಡಿಸೋಣ?" ಎಂದು ಕೇಳುತ್ತಾರೆ. ಕಾಲೇಜಿಗೆ ಕಳುಹಿಸುವ ಅನುಕೂಲವಿದ್ದವರ ಪ್ರಶ್ನೆ ಸುಲಭ. ಅದಿಲ್ಲದವರ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇವೆ.

ಬರೆಯಲು ಇನ್ನೊಂದು ಕಾರಣವೂ ಉಂಟು. ಒಂದು ಮಳೆಗಾಲದ ಸಂಜೆ ನಮ್ಮ ಸದಸ್ಯರೊಬ್ಬರು, ಖಾಸಗಿ ಕಚೇರಿಯ ಗುಮಾಸ್ತರು, ಮಗನೊಡನೆ ಬಂದರು. ಹುಡುಗನ ಬಲಗೈಯ ಬೆರಳಿಗೆ ಬಟ್ಟೆ ಸುತ್ತಿತ್ತು. ಉಪನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನು ಎರಡು ವರ್ಷ "ಅಪ್ರೆಂಟಿಸ್" ಎಂದು ದುಡಿದಿದ್ದನು. ಮೊದಲ ವರ್ಷ ಕಸ ಗುಡಿಸುವುದು, ಚಹಾ ತರುವುದು, ಕಬ್ಬಿಣದ ಸಲಾಕೆ ಹೊರುವುದು. ಎರಡನೆಯ ವರ್ಷ ಯಾರೂ ಕಲಿಸದೆಯೇ ಸಾಣೆಯ ಯಂತ್ರದ ಮುಂದೆ ನಿಲ್ಲಿಸಿದರು. ಬೆರಳು ಸಿಕ್ಕಿತು. ಮಾಲೀಕರು ಪಟ್ಟಿ ಕಟ್ಟಿಸಿ, ಒಂದು ವಾರದ ಹಣ ಕೊಟ್ಟು, "ಇನ್ನು ಬರಬೇಡ" ಎಂದು ಕಳುಹಿಸಿದರು. "ಕರಾರು ಪತ್ರ ಎಲ್ಲಿ?" ಎಂದು ನಾವು ಕೇಳಿದೆವು. ತಂದೆ ಮಗ ಮುಖ ಮುಖ ನೋಡಿಕೊಂಡರು. ಅಂಥದೊಂದು ಕಾಗದ ಇರಬೇಕೆಂಬುದೇ ಅವರಿಗೆ ತಿಳಿದಿರಲಿಲ್ಲ. ಎರಡು ವರ್ಷದ ದುಡಿಮೆಗೆ ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಅಂದು ನಮಗೂ ನಾಚಿಕೆಯಾಯಿತು. ಆ ತಂದೆ ಹತ್ತು ವರ್ಷಗಳಿಂದ ನಮ್ಮಲ್ಲಿಗೆ ಪತ್ರಿಕೆ ಓದಲು ಬರುತ್ತಿದ್ದವರು. ನಾವು ಅವರಿಗೆ ಈ ಒಂದು ವಿಷಯವನ್ನು ಹೇಳಿರಲಿಲ್ಲ.

ಹಳೆಯ ಪದ್ಧತಿ

ಕೆಲಸ ಮಾಡುತ್ತಲೇ ಕೆಲಸ ಕಲಿಯುವುದು ನಮಗೆ ಹೊಸದಲ್ಲ. ಅಕ್ಕಸಾಲಿಯ ಮಗ ತಂದೆಯ ಕುಲುಮೆಯ ಬಳಿ ಕುಳಿತೇ ಕಲಿತನು. ಊರಿನಿಂದ ಮುಂಬಯಿಗೆ ಬಂದ ನಮ್ಮ ಹುಡುಗರು ಹೋಟೆಲಿನಲ್ಲಿ ಮೊದಲು ಲೋಟ ತೊಳೆದು, ಬಳಿಕ ಮೇಜು ಒರೆಸಿ, ಆಮೇಲೆ ಸಪ್ಲೈಯರ್ ಆಗಿ, ಕೆಲವರು ಅಡಿಗೆಯ ಭಟ್ಟರ ಕೈಕೆಳಗೆ ನಿಂತು, ಕೊನೆಗೆ ಗಲ್ಲಾಪೆಟ್ಟಿಗೆಯವರೆಗೂ ಏರಿದ್ದುಂಟು. ಹಗಲು ಈ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ. ಗಿರಣಿಗೆ ಹೋದವರು ಬಂಧುವೊಬ್ಬನ ಮಗ್ಗದ ಪಕ್ಕದಲ್ಲಿ ನಿಂತು, ಬದಲಿಯಾಗಿ ಹೆಸರು ಹಚ್ಚಿಸಿ ಕಾಯಂ ಆಗುವ ದಿನಕ್ಕಾಗಿ ಕಾದರು. ಗುಮಾಸ್ತರಾದ ನಾವೂ ಹೀಗೆಯೇ ಬಂದವರು. ಟೈಪಿಂಗ್, ಶಾರ್ಟ್‌ಹ್ಯಾಂಡ್ ತರಗತಿಗೆ ಫೀ ಕೊಟ್ಟು, ಹಿರಿಯ ಕಾರಕೂನರ ಕೈಕೆಳಗೆ ಫೈಲು ಕಟ್ಟುತ್ತಾ ಕಲಿತೆವು.

ಈ ಪದ್ಧತಿಯಲ್ಲಿ ಒಂದು ಗುಣ, ಒಂದು ದೋಷ. ಕೆಲಸ ಕೈಗೆ ಹತ್ತುತ್ತದೆ, ಅದು ಗುಣ. ಕಲಿಸುವುದೂ ಬಿಡುವುದೂ ಗುರುವಿನ ಮರ್ಜಿ, ಅದು ದೋಷ. ಉಸ್ತಾದ್ ಒಳ್ಳೆಯವನಾದರೆ ಹುಡುಗ ಮೂರು ವರ್ಷದಲ್ಲಿ ಮೆಕ್ಯಾನಿಕ್ ಆಗುತ್ತಾನೆ. ಅಲ್ಲವಾದರೆ ಹತ್ತು ವರ್ಷ ಪಾನಾ ಹಿಡಿದು ನಿಲ್ಲುವ ಹೆಲ್ಪರ್ ಆಗಿಯೇ ಉಳಿಯುತ್ತಾನೆ. ಕಲಿತಿದ್ದರೂ ಕಲಿತಿದ್ದಾನೆಂದು ಹೇಳುವ ಕಾಗದವಿಲ್ಲ. 1982ರ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಇಪ್ಪತ್ತು ವರ್ಷ ಮಗ್ಗ ನಡೆಸಿದ ಎಷ್ಟೋ ಮಂದಿ ಬೇರೆ ಬಾಗಿಲು ತಟ್ಟಲು ಹೋಗಿ ಬರಿಗೈಯಲ್ಲಿ ಮರಳಿದರು. ಅವರ ಕೈಯಲ್ಲಿ ಕಸಬಿತ್ತು, ಪ್ರಮಾಣಪತ್ರವಿರಲಿಲ್ಲ.

1961ರ ಕಾಯಿದೆ

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ದೊಡ್ಡ ಕಾರ್ಖಾನೆಗಳು ಏಳತೊಡಗಿದವು. ಬೆಂಗಳೂರಿನಲ್ಲಿಯೇ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿದವು. ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಆರಂಭವಾಯಿತು. ಯಂತ್ರಗಳನ್ನು ಹೊರದೇಶದಿಂದ ತರಬಹುದು. ಅವನ್ನು ನಡೆಸುವ ಕೈಗಳನ್ನು ಇಲ್ಲಿಯೇ ತಯಾರಿಸಬೇಕು. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು. ನಾವು ಐಟಿಐ ಎಂದು ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳು ಬೆಳೆದದ್ದು ಇದರಿಂದಲೇ. ಆದರೆ ಶಾಲೆಯ ಕೋಣೆಯಲ್ಲಿ ಕಲಿತ ಕೆಲಸಕ್ಕೂ ಕಾರ್ಖಾನೆಯ ಕೆಲಸಕ್ಕೂ ಅಂತರವಿದೆ. ಕಾರ್ಖಾನೆಯವರೇ ಹುಡುಗರನ್ನು ತೆಗೆದುಕೊಂಡು ಕಲಿಸಬೇಕೆಂದು ಸಂಸತ್ತು 1961ರಲ್ಲಿ ಅಪ್ರೆಂಟಿಸ್ ಕಾಯಿದೆಯನ್ನು ಮಾಡಿತು. ಅದು 1962ರ ಮಾರ್ಚ್ 1ರಂದು ಜಾರಿಗೆ ಬಂತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಅದರಲ್ಲಿ ಸೇರಿದರು. 2014ರಲ್ಲಿ ಮತ್ತೊಂದು ದೊಡ್ಡ ತಿದ್ದುಪಡಿಯಾಯಿತು.

ಕಾಯಿದೆಯಲ್ಲಿ ನಮ್ಮವರು ನೆನಪಿಡಬೇಕಾದ ತಿರುಳು ಇಷ್ಟು. ಅಪ್ರೆಂಟಿಸ್ ಎಂದರೆ ಕರಾರಿನ ಮೇಲೆ ಕಸಬು ಕಲಿಯುವವನು. ಕರಾರು ಬರವಣಿಗೆಯಲ್ಲಿರಬೇಕು. ಹುಡುಗ ಅಪ್ರಾಪ್ತನಾದರೆ ಪಾಲಕರು ಸಹಿ ಮಾಡಬೇಕು. ಆ ಕರಾರನ್ನು ಅಪ್ರೆಂಟಿಸ್ ಸಲಹೆಗಾರ ಎಂಬ ಸರ್ಕಾರಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಈಗ ಇದೆಲ್ಲವೂ ಸರ್ಕಾರದ ಅಪ್ರೆಂಟಿಸ್ ಜಾಲತಾಣದ ಮೂಲಕವೇ ನಡೆಯುತ್ತದೆ. ಹುಡುಗನ ಹೆಸರು ದಾಖಲಿಸಲು ಯಾವ ಫೀಯೂ ಇಲ್ಲ. ಮುಂಬಯಿ, ಪುಣೆಯ ಜಾಹೀರಾತುಗಳಲ್ಲಿ ಮರಾಠಿಯಲ್ಲಿ "ಶಿಕಾವೂ ಉಮೇದವಾರ್" ಎಂದು ಬರೆದಿರುತ್ತದೆ. ಅದು ಇದೇ.

ಸೇರಲು ಕನಿಷ್ಠ ವಯಸ್ಸು 14 ವರ್ಷ. ಅಪಾಯಕಾರಿ ಕೈಗಾರಿಕೆಗಳಲ್ಲಿ 18. ವಿದ್ಯಾಭ್ಯಾಸ ಎಷ್ಟಿರಬೇಕೆಂಬುದು ಕಸಬನ್ನು ಅನುಸರಿಸಿದೆ. ಐಟಿಐ ಮುಗಿಸಿದವರು ಸೇರಬಹುದು. ಮುಗಿಸದವರೂ ಕೆಲವು ಕಸಬುಗಳಿಗೆ ನೇರವಾಗಿ ಸೇರಿ, ಮೊದಲು ಮೂಲ ತರಬೇತಿಯನ್ನೂ ಆಮೇಲೆ ಕಾರ್ಖಾನೆಯ ತರಬೇತಿಯನ್ನೂ ಪಡೆಯಬಹುದು. 2019ರಲ್ಲಿ ತಿದ್ದಿದ ನಿಯಮಗಳಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯು ತನ್ನ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವಲ್ಲಿ ಅದು ಐಚ್ಛಿಕ. ಆದುದರಿಂದ ದೊಡ್ಡ ಸಂಸ್ಥೆಯ ಬಾಗಿಲಿಗೆ ಹೋಗಿ ಕೇಳುವವನು ದಾನ ಬೇಡುವವನಲ್ಲ. ಕಾಯಿದೆಯೇ ಅವರ ಮೇಲೆ ಹೊರಿಸಿದ ಹೊಣೆಯನ್ನು ನೆನಪಿಸುವವನು.

ಕಲಿಯುವುದೇನು

ಫಿಟ್ಟರ್ ಕಸಬನ್ನೇ ನೋಡೋಣ. ಐಟಿಐಯಲ್ಲಿ ಇದು ಎರಡು ವರ್ಷದ ಪಾಠ. ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್ ಕೂಡ ಎರಡು ವರ್ಷ. ವೆಲ್ಡರ್, ಪ್ಲಂಬರ್ ಒಂದು ವರ್ಷ. ಹುಡುಗನಿಗೆ ಮೊದಲ ದಿನವೇ ಯಂತ್ರ ಕೊಡುವುದಿಲ್ಲ. ವೈಸಿನಲ್ಲಿ ಒಂದು ಕಬ್ಬಿಣದ ತುಂಡು ಕಚ್ಚಿಸಿ, ಕೈಗೆ ಅರ ಕೊಡುತ್ತಾರೆ. ಮೇಲ್ಮೈ ಸಮನಾಗುವವರೆಗೆ ಉಜ್ಜಬೇಕು. ಸಮನಾಯಿತೆಂದು ಅವನಿಗೆ ತೋರುತ್ತದೆ. ಶಿಕ್ಷಕರು ಮೂಲೆಮಟ್ಟವನ್ನು ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಕ್ಕೆ ಏಳುತ್ತವೆ. ಬಳಿಕ ವರ್ನಿಯರ್ ಕ್ಯಾಲಿಪರ್ ಹಿಡಿದು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗವನ್ನು ಓದಲು ಕಲಿಯುತ್ತಾನೆ. ಆಮೇಲೆ ಗುರುತು ಹಾಕುವುದು, ರಂಧ್ರ ಕೊರೆಯುವುದು, ತಿರುಪು ಹಲ್ಲು ಕತ್ತರಿಸುವುದು, ನಕ್ಷೆ ಓದುವುದು.

ಕಾರ್ಖಾನೆಗೆ ಅಪ್ರೆಂಟಿಸನಾಗಿ ಬಂದ ಮೇಲೆ ಇದೇ ವಿದ್ಯೆ ನಿಜವಾದ ಯಂತ್ರದ ಮೇಲೆ ನಡೆಯುತ್ತದೆ. ಇಲ್ಲಿ ತಪ್ಪಿದರೆ ಮಾಲು ಹಾಳು. ಹುಡುಗ ಕಾಲಕ್ಕೆ ಸರಿಯಾಗಿ ಬರುವುದನ್ನು, ಜೊತೆಗಾರನ ಸುರಕ್ಷತೆಯನ್ನು ನೋಡುವುದನ್ನು, ಕೆಟ್ಟ ಯಂತ್ರದ ಸದ್ದನ್ನು ಕಿವಿಯಿಂದಲೇ ಗುರುತಿಸುವುದನ್ನು ಕಲಿಯುತ್ತಾನೆ. ಇವು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಇದರೊಡನೆ ಗಣಿತ, ನಕ್ಷೆ ಮತ್ತು ಕಸಬಿನ ಶಾಸ್ತ್ರದ ಪಾಠವೂ ನಡೆಯಬೇಕೆಂದು ಕಾಯಿದೆ ಹೇಳುತ್ತದೆ. ಪ್ರತಿದಿನ ಏನು ಕಲಿತೆನೆಂದು ಹುಡುಗ ಒಂದು ದಿನಚರಿ ಬರೆದಿಟ್ಟರೆ ಒಳ್ಳೆಯದು. ಮುಂದೆ ಪರೀಕ್ಷೆಗೂ ಬೇಕಾಗುತ್ತದೆ, ತಕರಾರಿಗೂ ಬೇಕಾಗುತ್ತದೆ.

ಕೊನೆಯಲ್ಲಿ ಪರೀಕ್ಷೆ. ತೇರ್ಗಡೆಯಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ದೊರೆಯುತ್ತದೆ. 2014ರ ತಿದ್ದುಪಡಿಯ ಬಳಿಕ ಪರೀಕ್ಷೆಗೆ ಕೂಡುವುದು ಹುಡುಗನ ಇಚ್ಛೆಗೆ ಬಿಟ್ಟ ವಿಷಯವಾಗಿದೆ. ಹಾಗೆಂದು ಬಿಟ್ಟರೆ ಕೆಟ್ಟಂತೆ. ಪರೀಕ್ಷೆ ಬರೆಯದೆ ಬಂದವನು ಬೆಳೆ ತೆಗೆದು ಕಣದಲ್ಲಿಯೇ ಬಿಟ್ಟು ಬಂದ ಒಕ್ಕಲಿಗನಂತೆ.

ಶಿಷ್ಯವೇತನ ಮತ್ತು ಹಕ್ಕುಗಳು

ಅಪ್ರೆಂಟಿಸನಿಗೆ ಸಂಬಳವಿಲ್ಲ, ಶಿಷ್ಯವೇತನವಿದೆ. 2019ರ ನಿಯಮದಲ್ಲಿ ನಿಗದಿಯಾದ ಕನಿಷ್ಠ ದರ ತಿಂಗಳಿಗೆ ಹೀಗಿದೆ: ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದವರಿಗೆ 5000 ರೂಪಾಯಿ, ಹತ್ತನೆಯದು ಪಾಸಾದವರಿಗೆ 6000, ಹನ್ನೆರಡನೆಯದು ಪಾಸಾದವರಿಗೂ ಐಟಿಐ ಪ್ರಮಾಣಪತ್ರ ಪಡೆದವರಿಗೂ 7000, ಡಿಪ್ಲೊಮಾದವರಿಗೆ 8000, ಪದವೀಧರರಿಗೆ 9000. ಎರಡನೆಯ ವರ್ಷ ಶೇ. 10ರಷ್ಟು, ಮೂರನೆಯ ವರ್ಷ ಶೇ. 15ರಷ್ಟು ಏರಿಕೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್ ಮಂಡಲಿಯು ಈ ದರಗಳನ್ನು ಶೇ. 36ರಷ್ಟು ಹೆಚ್ಚಿಸಬೇಕೆಂದು ಶಿಫಾರಸು ಮಾಡಿತು. ಆದುದರಿಂದ ಸಹಿ ಹಾಕುವ ದಿನ ಜಾರಿಯಲ್ಲಿರುವ ದರ ಯಾವುದೆಂದು ವಿಚಾರಿಸಿಯೇ ಲೇಖನಿ ಎತ್ತಬೇಕು. ಇದಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲ, ಕಡಿಮೆ ಕೊಡುವಂತಿಲ್ಲ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸರ್ಕಾರ ಶಿಷ್ಯವೇತನದ ನಾಲ್ಕನೆಯ ಒಂದು ಪಾಲನ್ನು, ತಿಂಗಳಿಗೆ 1500 ರೂಪಾಯಿ ಮಿತಿಯೊಳಗೆ, ತಾನು ಹೊರಲು ಒಪ್ಪಿತು. 2023ರಿಂದ ಆ ಪಾಲು ನೇರವಾಗಿ ಅಪ್ರೆಂಟಿಸನ ಬ್ಯಾಂಕ್ ಖಾತೆಗೆ ಜಮೆಯಾಗುವ ಏರ್ಪಾಡಾಯಿತು. ಹುಡುಗನ ಹೆಸರಿನಲ್ಲಿ ಖಾತೆ ತೆರೆಸಿಡುವುದು ಇದಕ್ಕಾಗಿಯೇ ಅವಶ್ಯ.

ಮುಂಬಯಿಯಂಥ ಊರಿನಲ್ಲಿ ಈ ಹಣದಿಂದ ಬಾಡಿಗೆ ಕಟ್ಟಲಾಗದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಂಧುಗಳ ಮನೆಯಲ್ಲಿ ಇರುವವನಿಗೆ, ತಂದೆತಾಯಿಗಳ ಜೊತೆಯಲ್ಲಿರುವವನಿಗೆ ಇದು ಸಾಗೀತು. ಊರಿನಿಂದ ಒಬ್ಬನೇ ಬಂದವನು ಹಾಸ್ಟೆಲು, ಊಟದ ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು ಎಂದು ಕಾಯಿದೆಯ 18ನೆಯ ಕಲಮು ಹೇಳುತ್ತದೆ. ಇದರಿಂದ ಕಾರ್ಮಿಕ ಕಾನೂನುಗಳ ಎಷ್ಟೋ ರಕ್ಷಣೆಗಳು ಅವನಿಗೆ ಇಲ್ಲ. ಆದರೆ ಬೇರೆ ಕೆಲವು ರಕ್ಷಣೆಗಳನ್ನು ಅದೇ ಕಾಯಿದೆ ಕೊಟ್ಟಿದೆ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದು. ಕಾರ್ಖಾನೆಯ ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳು ಅವನಿಗೂ ಅನ್ವಯಿಸುತ್ತವೆ. ತುಂಡಿಗಿಷ್ಟು ಎಂದು ಲೆಕ್ಕ ಹಾಕಿ ಹಣ ಕೊಡುವಂತಿಲ್ಲ. ಸಲಹೆಗಾರರ ಒಪ್ಪಿಗೆಯಿಲ್ಲದೆ ಹೆಚ್ಚು ಹೊತ್ತು ದುಡಿಸುವಂತಿಲ್ಲ. ಮಾಲೀಕರು ಕರಾರು ಮುರಿದರೆ ನಷ್ಟ ತುಂಬಿಕೊಡಬೇಕು. ಹುಡುಗ ನಡುವೆ ಬಿಟ್ಟು ಹೋದರೆ ತರಬೇತಿಯ ಖರ್ಚನ್ನು ಅವನಿಂದಲೋ ಪಾಲಕರಿಂದಲೋ ವಸೂಲು ಮಾಡಬಹುದೆಂಬುದನ್ನೂ ಮರೆಯಬಾರದು. ಕರಾರು ಎರಡೂ ಕಡೆಯವರನ್ನು ಕಟ್ಟುವ ಹಗ್ಗ.

ಈಗ ಆ ಬೆರಳಿನ ಹುಡುಗನ ವಿಷಯಕ್ಕೆ ಬರೋಣ. ನೋಂದಾಯಿತ ಕರಾರು ಇಲ್ಲದ ಮೇಲೆ ಅವನು ಅಪ್ರೆಂಟಿಸನೇ ಅಲ್ಲ. ದುಡಿದ ಕಾರ್ಮಿಕನು, ಕನಿಷ್ಠ ವೇತನಕ್ಕೆ ಅರ್ಹನು ಎಂದು ವಾದಿಸಬಹುದಿತ್ತು. ಆದರೆ ದುಡಿದನೆಂದು ತೋರಿಸಲು ಹಾಜರಿಯ ಚೀಟಿಯಿಲ್ಲ, ಬ್ಯಾಂಕಿನ ಜಮೆಯಿಲ್ಲ. ಹಣವೆಲ್ಲ ಕೈಗೆ ಕೊಟ್ಟದ್ದು. ಸಾಕ್ಷಿ ಹೇಳಬೇಕಾದ ಜೊತೆಗಾರರಿಗೆ ತಮ್ಮ ಕೆಲಸದ ಭಯ. ತಂದೆ ಎರಡು ಬಾರಿ ಕಚೇರಿಗೆ ರಜೆ ಹಾಕಿ ಅಲೆದು, ಮೂರನೆಯ ಬಾರಿ ಸುಮ್ಮನಾದರು.

ಕೆಲಸ ಸಿಗುವುದೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ನೇರವಾದ ಉತ್ತರ: ಖಾತರಿಯಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಬೇಕೆಂಬ ಕಡ್ಡಾಯ ಮಾಲೀಕರಿಗಿಲ್ಲ; ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು. ಪ್ರತಿಯೊಂದು ಸಂಸ್ಥೆಯೂ ತಾನು ತರಬೇತು ಮಾಡಿದವರನ್ನು ನೇಮಿಸಿಕೊಳ್ಳುವ ಬಗ್ಗೆ ತನ್ನದೊಂದು ನೀತಿಯನ್ನು ಮಾಡಿಕೊಳ್ಳಬೇಕೆಂದು 2014ರ ತಿದ್ದುಪಡಿ ಹೇಳುತ್ತದೆ. ಸೇರುವ ಮೊದಲೇ ಆ ನೀತಿ ಏನೆಂದು ಕೇಳಿ ತಿಳಿಯಬಹುದು. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಒಂದು ಮುಖ್ಯ ಮಾತನ್ನು ಹೇಳಿತು: ಉಳಿದ ಅರ್ಹತೆಗಳು ಸಮವಾಗಿದ್ದಾಗ ತರಬೇತಿ ಪಡೆದ ಅಪ್ರೆಂಟಿಸನಿಗೆ ಆದ್ಯತೆ ಕೊಡಬೇಕು.

ರೈಲ್ವೆಯ ಮಾದರಿ ನಮ್ಮವರಿಗೆ ಹತ್ತಿರದ್ದು. ಮುಂಬಯಿಯ ಪರೇಲ್, ಲೋವರ್ ಪರೇಲ್, ಮಾಟುಂಗಾ ಕಾರ್ಯಾಗಾರಗಳಲ್ಲಿಯೂ ಚೆನ್ನೈಯ ಪೆರಂಬೂರಿನಲ್ಲಿಯೂ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ 15ರಿಂದ 24 ವರ್ಷದೊಳಗಿನವರಿಗೆ ಅವಕಾಶ. ಐಟಿಐ ಆದವರ ಆಯ್ಕೆಗೆ ಬೇರೆ ಪರೀಕ್ಷೆಯಿಲ್ಲ; ಹತ್ತನೆಯ ತರಗತಿಯ ಅಂಕ ಮತ್ತು ಐಟಿಐ ಅಂಕಗಳನ್ನು ಸೇರಿಸಿ ಪಟ್ಟಿ ಮಾಡುತ್ತಾರೆ. ರೈಲ್ವೆಯಲ್ಲಿಯೇ ತರಬೇತಿ ಮುಗಿಸಿದವರಿಗೆ ಮುಂದೆ ಮೊದಲ ಹಂತದ ಹುದ್ದೆಗಳ ನೇಮಕದಲ್ಲಿ ಶೇ. 20 ಸ್ಥಾನಗಳನ್ನು ಕಾದಿರಿಸುವ ಪದ್ಧತಿ ಬಂದಿದೆ. ಮುಂಬಯಿಯ ನೌಕಾಪಡೆಯ ಡಾಕ್‌ಯಾರ್ಡಿನಲ್ಲಿಯೂ ಮಜಗಾಂವ್ ಡಾಕಿನಲ್ಲಿಯೂ ಅಪ್ರೆಂಟಿಸ್ ತರಬೇತಿಯಿದೆ. ಪದವಿ, ಡಿಪ್ಲೊಮಾ ಮುಗಿಸಿದವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ಅಪ್ರೆಂಟಿಸ್ ತರಬೇತಿ ಮಂಡಲಿಗಳಿವೆ: ಪಶ್ಚಿಮಕ್ಕೆ ಮುಂಬಯಿಯಲ್ಲಿ, ದಕ್ಷಿಣಕ್ಕೆ ಚೆನ್ನೈಯಲ್ಲಿ, ಉತ್ತರಕ್ಕೆ ಕಾನ್ಪುರದಲ್ಲಿ, ಪೂರ್ವಕ್ಕೆ ಕೋಲ್ಕತಾದಲ್ಲಿ.

ಸಹಿ ಹಾಕುವ ಮುನ್ನ

ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಹೇಳುತ್ತೇವೆ. ಕರಾರಿನ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದಿಲ್ಲದಿದ್ದರೆ "ಅಪ್ರೆಂಟಿಸ್" ಎಂಬ ಹೆಸರಿಗೆ ಅರ್ಥವಿಲ್ಲ. ಯಾವ ಕಸಬು, ಎಷ್ಟು ತಿಂಗಳು, ಎಷ್ಟು ಶಿಷ್ಯವೇತನ, ಪಾಠ ಎಲ್ಲಿ ನಡೆಯುತ್ತದೆ ಎಂಬುದನ್ನು ಓದಿ ನೋಡಿರಿ. ಇಂಗ್ಲಿಷು ಓದಲು ಬಾರದಿದ್ದರೆ ಸಹಿ ಮಾಡದೆ ಕಾಗದವನ್ನು ನಮ್ಮಲ್ಲಿಗೆ ತನ್ನಿರಿ. ಶಾಲೆಯ ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಿ ಬರಬೇಡಿರಿ. ತೋರಿಸಿ, ನಕಲು ಕೊಟ್ಟು, ಮರಳಿ ತನ್ನಿರಿ. ಸೇರಿಸಲು ಠೇವಣಿ ಕೇಳುವವರನ್ನು ನಂಬಬೇಡಿರಿ. ಹಣ ಬ್ಯಾಂಕಿನ ಮೂಲಕವೇ ಬರಲಿ. ಒಂದು ವರ್ಷವಾದರೂ ಚಹಾ ತರಿಸುತ್ತಲೇ ಇದ್ದರೆ ಅಪ್ರೆಂಟಿಸ್ ಸಲಹೆಗಾರರಿಗೆ ಬರೆದು ತಿಳಿಸಿರಿ. ಕರಾರಿನ ತಕರಾರುಗಳನ್ನು ತೀರ್ಮಾನಿಸುವ ಅಧಿಕಾರ ಅವರಿಗಿದೆ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ವ್ಯವಹಾರವಿರುವ ಸಂಸ್ಥೆಗಳಿಗೂ ಕೇಂದ್ರದ ಸಲಹೆಗಾರರು, ಮಿಕ್ಕ ಖಾಸಗಿ ಸಂಸ್ಥೆಗಳಿಗೆ ಆಯಾ ರಾಜ್ಯದವರು.

ಇನ್ನು ನಮ್ಮ ಮನಸ್ಸಿನ ಮಾತು. "ನಾವು ಬಿಳಿಯ ಅಂಗಿ ತೊಟ್ಟು ಕಚೇರಿಗೆ ಹೋಗುವವರು, ಮಗನ ಕೈಗೆ ಎಣ್ಣೆ ಅಂಟುವುದು ಬೇಡ" ಎಂಬ ಮಾತನ್ನು ಈ ವಾಚನಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನಾವೂ ಆಡಿದ್ದೇವೆ. ನಾವು ಫೀ ಕೊಟ್ಟು ಕಲಿತ ಟೈಪ್‌ರೈಟರ್ ಈಗ ಕಚೇರಿಯಲ್ಲಿಲ್ಲ. ಮೂವರು ಗುಮಾಸ್ತರು ಕುಳಿತಿದ್ದ ಕಡೆ ಒಂದು ಕಂಪ್ಯೂಟರ್ ಕುಳಿತಿದೆ. ಆದರೆ ನಮ್ಮ ಚಾಳಿನಲ್ಲಿ ನೀರಿನ ಪಂಪು ಕೆಟ್ಟ ದಿನ ಎಲೆಕ್ಟ್ರಿಷಿಯನ್ನನಿಗಾಗಿ ಎರಡು ದಿನ ಕಾಯುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಮಕ್ಕಳಿಗೆ ಹೇಳುವ ನಾವು ಅವರ ಕೈ ಕೆಸರಾಗಲು ಬಿಡುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಹಿಂಜರಿಕೆ ಇಮ್ಮಡಿ. ಕಾಯಿದೆ ಗಂಡು ಹೆಣ್ಣು ಎಂಬ ಭೇದ ಮಾಡುವುದಿಲ್ಲ; ಮಾಡುವವರು ನಾವೇ.

ಆ ಹುಡುಗನ ಬೆರಳು ವಾಸಿಯಾಯಿತು, ಆದರೆ ಪೂರ್ತಿ ಮಡಚಲು ಬಾರದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಐಟಿಐ ಸೇರಿದನು. ತನಗಿಂತ ಮೂರು ವರ್ಷ ಚಿಕ್ಕವರ ಸಾಲಿನಲ್ಲಿ ನಿಂತು ಮೊದಲಿನಿಂದ ಅರ ಹಿಡಿದನು. ಕಳೆದುಹೋದ ಎರಡು ವರ್ಷವನ್ನು ಅವನಿಗೆ ಯಾರೂ ಮರಳಿ ಕೊಡಲಾರರು. ಮುಂದಿನವನಿಗೆ ಅದು ತಪ್ಪಲಿ ಎಂಬುದಷ್ಟೇ ನಮ್ಮ ಆಸೆ.

ಫಾರಂ ತುಂಬಲು, ಕರಾರು ಓದಿ ತಿಳಿಯಲು ಬರುವವರಿಗೆ ವಾಚನಾಲಯದ ಬಾಗಿಲು ತೆರೆದಿದೆ. ಇದನ್ನು ಓದಿದವರು ಪಕ್ಕದ ಖೋಲಿಯಲ್ಲಿ ಓದದಿರುವವರಿಗೂ ಹೇಳಬೇಕೆಂದು ಕೋರುತ್ತೇವೆ.